ಕೊಟ್ಟಾರದ ದಾರಿಯಲ್ಲಿ ಮೂರು ತುಂಡು ಬೆಲ್ಲ

ಗೆಳೆಯರೇ, ಇವತ್ತು ಮಂಗಳೂರಿನಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ದಾರಿ ಕೇಳಿದೆ. ನಮ್ಮ ಧಾರವಾಡದಲ್ಲಿ ರಸ್ತೆ ಎಂದರೆ ಎದುರಿಗೆ ಕಾಣುತ್ತದೆ. ಇಲ್ಲಿ ಗುಡ್ಡೆ ಹತ್ತಿ ಇಳಿದರೆ ಹೊರಟಲ್ಲಿಗೇ ಬಂದು ನಿಲ್ಲುತ್ತೇನೆ.

ಬೆಳಿಗ್ಗೆ ಹಂಚಿನ ವ್ಯಾಪಾರ ಮಾತಾಡಲು ಹೊರಟಿದ್ದೆ. "ಕೊಟ್ಟಾರಕ್ಕ ಹೆಂಗ ಹೋಗೂದ್ರಿ?" ಎಂದೆ. ಆ ಮನೆಯ ಅಜ್ಜಿ ದಾರಿ ಹೇಳಲಿಲ್ಲ. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಜಗಲಿಯಲ್ಲಿಟ್ಟರು.

"ಮೊದಲು ಆಸರಿಗೆ ತಕೊಳ್ಳಿ. ದಾರಿ ಎಲ್ಲಿಗೂ ಓಡಿ ಹೋಗುದಿಲ್ಲ."

ಕುಡಿದ ಮೇಲೆಯೇ ಕೈಮಾಡಿ ತೋರಿಸಿದರು. ಒಂದು ಗಂಟೆ ನಡೆದೆ. ಮತ್ತೆ ಅದೇ ಅಂಗಳ, ಮತ್ತೆ ಬೆಲ್ಲ ನೀರು.

"ಪುನಃ ಬಂದ್ರಾ? ಎಂತ ಮಾರಾಯ್ರೇ, ನಿಮ್ಮೊಟ್ಟಿಗೆ ಯಾರೂ ಇಲ್ವಾ?"

ಕಾರವಾರದಿಂದ ಹಡಗಿನಲ್ಲಿ ಬಂದಿಳಿದು ಹದಿನೈದು ದಿನವಾಯಿತು. ಇಲ್ಲಿ ಯಾರಾದರೂ ನನ್ನ ಬಗ್ಗೆ ಏನಾದರೂ ಕೇಳಿದ್ದು ಇದೇ ಮೊದಲು.

"ಇಲ್ರಿ" ಎಂದೆ.

ಸಂಜೆ ಮೂರನೆಯ ಸಲ ಹೋದಾಗ ಅಜ್ಜಿ ಬೆಲ್ಲ ಹಿಡಿದುಕೊಂಡೇ ಹೊರಗೆ ಬಂದರು.

"ಕೊಟ್ಟಾರ ಇನ್ನೂ ಸಿಗಲಿಲ್ವಾ?"

"ಇಲ್ರಿ" ಎಂದು ಜಗಲಿಯಲ್ಲಿ ಕುಳಿತೆ. ಕೊಟ್ಟಾರದ ಕೆಲಸ ಮಧ್ಯಾಹ್ನವೇ ಮುಗಿದಿತ್ತು.