ಪುಸ್ತಕದಲ್ಲಿಲ್ಲದ ಹೊಗಳಿಕೆ

ಮಕ್ಕಳನ್ನು ಬೆಳೆಸುವುದನ್ನು ನಾಲ್ಕೇ ಗಂಟೆಯಲ್ಲಿ ಕಲಿಸಬಹುದು ಎಂದು ಯಾರೋ ಪುಸ್ತಕ ಬರೆದಿದ್ದರು. ವಾರಕ್ಕೊಂದು ಗಂಟೆ, ನಾಲ್ಕು ವಾರ. ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ ನರ್ಸ್ ಅದನ್ನು ಓದುತ್ತಿದ್ದರು. ಹೊರದೇಶದಿಂದ ಬಂದು ನೆಲೆಸಿದ್ದ ತನ್ನ ದೇಶದವರೇ ಆದ ತಂದೆತಾಯಿಯರಿಗೆ ದುಭಾಷಿ ಅದನ್ನು ಅವರ ಮಾತಿನಲ್ಲಿ ಹೇಳುತ್ತಿದ್ದಳು. ಈ ಕೆಲಸದ ಹನ್ನೊಂದು ವರ್ಷದಲ್ಲಿ ಅವಳು ತನ್ನದೊಂದು ಪದವನ್ನೂ ಸೇರಿಸಿದವಳಲ್ಲ.

ದಿನಕ್ಕೆ ಐದು ಸಲ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಹೊಗಳಬೇಕು ಎಂಬುದು ಎರಡನೆಯ ಪಾಠ. ಮೂರನೆಯ ವಾರ ವಿಚಾರಿಸಿದರೆ ಒಬ್ಬರೂ ಹೊಗಳಿರಲಿಲ್ಲ.

“ಎದುರಿಗೇ ಹೊಗಳಿದ್ರೆ ಮಗಳು ತಲೆ ಮೇಲೆ ಹತ್ತಿ ಕೂರ್ತಾಳೆ ಮೇಡಂ,” ಎಂದ ಅವರಲ್ಲೊಬ್ಬ ಬಸ್ ಡ್ರೈವರ್.

ನರ್ಸ್ ಮತ್ತೆ ಅದೇ ಸಾಲು ಓದಿದರು. ದುಭಾಷಿ ಬೇರೆಯದನ್ನೇ ಹೇಳಿದಳು: “ಮಗೂಗೆ ಹೇಳ್ಬೇಡಿ. ಬೇರೆಯವರ ಹತ್ರ ಹೇಳಿ, ಅದರ ಕಿವಿಗೆ ಬೀಳೋ ಹಾಗೆ.”

ನಾಲ್ಕನೆಯ ವಾರ ಡ್ರೈವರ್ ಎಲ್ಲರಿಗಿಂತ ಮೊದಲೇ ಬಂದಿದ್ದ. “ಶೂ ಲೇಸ್ ತಾನೇ ಕಟ್ಕೊಂಡ್ಲು ಅಂತ ಮಗಳಿಗೆ ಕೇಳೋ ಹಾಗೆ ಹೆಂಡತಿ ಹತ್ರ ಹೇಳ್ದೆ. ಇವತ್ತು ನನ್ನದನ್ನೂ ಅವಳೇ ಕಟ್ಟಿದಾಳೆ. ಬಿಚ್ಚೋದು ಹೇಗೋ ಗೊತ್ತಿಲ್ಲ!” ಎಂದು ಕಾಲು ಚಾಚಿದ. ಲೇಸಿನಲ್ಲಿ ಏಳು ಗಂಟುಗಳಿದ್ದವು.

ದುಭಾಷಿ ಅದನ್ನು ಒಂದಕ್ಷರ ಬಿಡದೆ ನರ್ಸ್‌ಗೆ ತಿಳಿಸಿದಳು.

“ಇದು ಎಷ್ಟನೇ ಪುಟದಲ್ಲಿದೆ?” ಎಂದು ನರ್ಸ್ ಪುಸ್ತಕ ತಿರುವಿದರು.

“ಪುಸ್ತಕದಲ್ಲಿಲ್ಲ.”

ದುಭಾಷಿಯ ಅಮ್ಮ ಒಮ್ಮೆಯೂ ಅವಳನ್ನು ಎದುರಿಗೆ ಹೊಗಳಿದವಳಲ್ಲ. ಅಂಗಳದ ಬೆಂಚಿನ ಮೇಲೆ ಬಟಾಣಿ ಬಿಡಿಸುತ್ತ, ಪಕ್ಕದಲ್ಲೇ ಕೂತ ಚಿಕ್ಕಮ್ಮನಿಗೆ ಮಗಳ ಮಾರ್ಕ್ಸ್ ಹೇಳುವಾಗ ಮಾತ್ರ ಬೀದಿಯ ಕೊನೆಗೆ ಕೇಳುವಂತೆ ಕೂಗುತ್ತಿದ್ದಳು. ಚಿಕ್ಕಮ್ಮನ ಕಿವಿ ಮಂದ ಎಂದೇ ಒಳಕೋಣೆಯಲ್ಲಿದ್ದ ಮಗಳು ಬಹಳ ವರ್ಷ ನಂಬಿದ್ದಳು.