ಕಡಲ ಹಾವಿಗೆ ತನಿ

ನಾಗರಪಂಚಮಿಯ ಬೆಳಿಗ್ಗೆ ದೇವರ ಮನೆಗೆ ಬಂದು ನೋಡುತ್ತೇನೆ, ಮೈದುನನ ಫೋಟೋದ ಮೇಲೆ ಹಾಲು ಹರಿಯುತ್ತಿದೆ! ಹಡಗಿನ ಕೆಲಸದಲ್ಲಿರುವ ಅವನು ಅಂಡಮಾನಿನ ಹವಳದ ದಿಬ್ಬದಲ್ಲಿ ಮುಳುಗಿ, ಕಡಲ ಹಾವಿನ ಮೂತಿಯನ್ನು ಮೊಳದಷ್ಟು ಹತ್ತಿರದಿಂದ ತೆಗೆದ ಕಪ್ಪುಬಿಳುಪು ಫೋಟೋ ಅದು. ಇದ್ದದ್ದು ಒಂದೇ ಪ್ರತಿ, ಮರುದಿನ ಬೆಂಗಳೂರಿನ ಸ್ಪರ್ಧೆಗೆ ಹೋಗಬೇಕಿತ್ತು.

"ಅಯ್ಯೋ ಅವ್ವಾ, ಕೆಡಿಸ್ಬುಟ್ಯಲ್ಲ!" ಎಂದು ಮೈದುನ ಕೂಗಿದ.

ತಂಬಿಗೆ ಹಿಡಿದಿದ್ದ ನಮ್ಮತ್ತೆ ಅಲುಗಲಿಲ್ಲ. "ಅಷ್ಟತ್ರ ಓಗಿದ್ರೂ ನಿನ್ನ ಕಚ್ದೆ ಕಳ್ಸೈತೆ ಕಣ್ಲಾ. ಅದ್ಕೆ ಒಂಚೂರು ತನಿ ಎರೀಬ್ಯಾಡ್ವಾ?"

ಅವನು ನಕ್ಕುಬಿಟ್ಟ. ಫೋಟೋವನ್ನು ನೀರಿನಲ್ಲಿ ಜಾಲಾಡಿ ಬಟ್ಟೆಯ ತಂತಿಗೆ ಸಿಕ್ಕಿಸಿದ. ಹಾಲು ಹೋಯಿತು, ಹಾವಿನ ಹಣೆಗಿಟ್ಟ ಅರಿಸಿನ ಹೋಗಲಿಲ್ಲ. ಹಾಗೆಯೇ ಕಳಿಸಿದ.

ಬಹುಮಾನವೇನೂ ಬರಲಿಲ್ಲ. ಫೋಟೋ ಮಂಡ್ಯದ ನಮ್ಮ ನಡುಮನೆಗೇ ವಾಪಸು ಬಂತು. ಈಗ ಕಡಲಿಗೆ ಹೊರಡುವ ಮುನ್ನ ಮೈದುನನೇ ಅದರ ಹಣೆಗೆ ಅರಿಸಿನ ಹಚ್ಚುತ್ತಾನೆ.