ಗದ್ದ ಎತ್ತುವ ಹೆಲ್ಮೆಟ್ಟು

ಗಾಡಿ ಮೇಲೆ ಕುಳಿತ ಮಚ್ಛೇಂದ್ರನ ಬೆನ್ನಿಗೆ ಮಾತಾಡಿ ಉಪಯೋಗವಿಲ್ಲ ಎಂಬುದು ಬೀದರದ ಚಿದ್ರಿ ಓಣಿಯ ಅವನ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಣೆಯಿಂದ ಗದ್ದದವರೆಗೆ ತಲೆಯನ್ನೆಲ್ಲ ನುಂಗಿಕೊಳ್ಳುವ ಕರಿ ಹೆಲ್ಮೆಟ್ಟು ಅವನದು. ಹಿಂದೆ ಕುಳಿತವರು ಏನಂದರೂ ಅವನ ಕಿವಿಗೆ ಬರೀ ಗುಂಯ್ ಎಂಬ ಸದ್ದು. ನಿಲ್ಲಿಸಿ ಕೇಳುವ ತಾಳ್ಮೆಯಂತೂ ಇರಲಿಲ್ಲ. "ನೋಡೋಣ ತಗೋ" ಎಂದು ಜೋರಾಗಿ ಒಂದು ಉತ್ತರ ಒಗೆದು ಮುಂದೆ ಹೋಗುವ ಆಸಾಮಿ. ಒಮ್ಮೆ ಹೆಂಡತಿ ಕೇಶರಬಾಯಿ ಬಜಾರದ ನಡುವೆ "ಚಪ್ಪಲಿ ಬಿತ್ತು, ನಿಲ್ಲಸ್ರಿ" ಎಂದು ಕೂಗಿಕೊಂಡಿದ್ದಳು. ನೋಡೋಣ ತಗೋ ಎಂದವನು ನಿಲ್ಲಿಸಿದ್ದು ಮನೆ ಬಾಗಿಲಲ್ಲೇ. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಇಳಿದ ಹೆಂಡತಿಯನ್ನು ನೋಡಿ ಓಣಿಯೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ.

ಆ ಹೆಲ್ಮೆಟ್ಟನ್ನು ಅವನು ಶೋಕಿಗೆ ಹಾಕಿಕೊಂಡದ್ದಲ್ಲ. ಮೊದಲು ಅರ್ಧ ತಲೆಯ ಟೊಪ್ಪಿಗೆಯಂಥದ್ದೊಂದಿತ್ತು. ಕಮಲನಗರದ ಹತ್ತಿರ ಜಲ್ಲಿ ಕಡಿ ಹಾಸಿದ ರಸ್ತೆಯಲ್ಲಿ ಗಾಡಿ ಜಾರಿ, ನೆತ್ತಿ ಉಳಿದು ಗದ್ದ ಸೀಳಿತ್ತು. ಹೊಲಿಗೆ ಬಿಚ್ಚಿಸಿಕೊಂಡ ದಿನವೇ ಹೋಗಿ ಪೂರಾ ಮುಚ್ಚುವಂಥದ್ದನ್ನು ತಂದಿದ್ದ. ಅವನದು ಮೊಬೈಲ್ ಟವರಿನ ಬ್ಯಾಟರಿ, ಜನರೇಟರ್ ನೋಡಿಕೊಳ್ಳುವ ಕೆಲಸ. ಬೀದರದಿಂದ ಹೊರಟರೆ ಭಾಲ್ಕಿ, ಔರಾದ ಎರಡೂ ತಾಲೂಕಿನ ಹಳ್ಳಿಗಳನ್ನು ಸುತ್ತಬೇಕು. ಒಂದು ಟವರ್ ಬಂದ್ ಬಿದ್ದರೂ ಮೇಲಿನವರ ಫೋನು ಬಡಿದುಕೊಳ್ಳುತ್ತದೆ. ನಿಂತು ಮಾತಾಡುವ ಕೆಲಸವೇ ಅಲ್ಲ ಅದು.

ಸುಭದ್ರಾಬಾಯಿ ಅವನ ಅಕ್ಕ. ತಾಯಿ ಬೇಗ ಹೋದ ಮನೆಯಲ್ಲಿ ಅಕ್ಕನೇ ಅವನಿಗೆ ರೊಟ್ಟಿ ಕಟ್ಟಿ ಸಾಲಿಗೆ ಕಳಿಸಿದವಳು. ಅವಳ ಓದು ನಾಲ್ಕನೇತ್ತಕ್ಕೇ ಮುಗಿದಿತ್ತು. ತಮ್ಮ ಬೀದರದಲ್ಲಿ ಐಟಿಐ ಮುಗಿಸಿದಾಗ ಬಾಬಾಸಾಹೇಬರ ಫೋಟೋಕ್ಕೆ ಮಾಲೆ ಹಾಕಿ, ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಅವಳನ್ನು ಔರಾದ ಕಡೆಯ ಹಳ್ಳಿ ಡಾಬಕಾಕ್ಕೆ ಕೊಟ್ಟಿತ್ತು. ಗಂಡ ಮಾಣಿಕ ಬಸ್ ನಿಲ್ಲುವ ಕಡೆ ಚಹಾದ ಹೋಟೆಲ್ ಇಟ್ಟಿದ್ದ. ಮಚ್ಛೇಂದ್ರ ಡಾಬಕಾದ ಟವರಿಗೆ ಹೋದಾಗಲೆಲ್ಲ ಅಲ್ಲಿ ಬಿಸಿ ಭಜಿ ಅವನಿಗಾಗಿ ಕಾದಿರುತ್ತಿತ್ತು. ಅಕ್ಕನ ಮಗಳು ಸಂಘಮಿತ್ರಾ, ಮನೆಯವರ ಬಾಯಲ್ಲಿ ಮಿತ್ರಾ, ಪಟ್ಟಿ ಪುಸ್ತಕ ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂತು ಓದುತ್ತಿದ್ದಳು. ಊರು, ನದಿ, ಗುಡ್ಡದ ನಕ್ಷೆ ತೆಗೆಯುವುದೆಂದರೆ ಆ ಹುಡುಗಿಗೆ ಎಲ್ಲಿಲ್ಲದ ಹುರುಪು.

ಎರಡು ಸಾವಿರದ ಹದಿನೈದರ ಬರಗಾಲ ಬಂತು. ಮುಂಗಾರಿ ಹೋಯಿತು, ಹಿಂಗಾರಿ ಬಿತ್ತಲೇ ಇಲ್ಲ. ಒಬ್ಬರ ಹಿಂದೊಬ್ಬರು ಹೈದರಾಬಾದಿಗೆ, ಪುಣೆಗೆ, ಕಬ್ಬು ಕಡಿಯಲಿಕ್ಕೆ ಹೊರಟರು. ಕುಡಿಯುವವರೇ ಇಲ್ಲದ ಊರಲ್ಲಿ ಚಹಾ ಕಾಸಿ ಯಾರಿಗೆ ಕೊಡುವುದು? ಮಾಣಿಕ ತಿಂಗಳೊಪ್ಪತ್ತು ಖಾಲಿ ಬೆಂಚು ಒರೆಸಿದ. ಕಡೆಗೆ ಭಾತಂಬ್ರಾದ ಒಂದು ಗುಂಪಿನ ಜೊತೆ ಪುಣೆಗೆ ಹೋಗುವುದೆಂದು ನಿಶ್ಚಯವಾಯಿತು. ಎಲ್ಲರೂ ಭಾಲ್ಕಿ ಸ್ಟೇಷನ್ನಿನಲ್ಲಿ ಕೂಡಬೇಕು.

ದೀಪಾವಳಿ ಮುಗಿದ ವಾರ ಅದು. ಮಾಣಿಕ, ಮಿತ್ರಾ, ಅವಳ ತಮ್ಮ ಮುಂಜಾನೆಯೇ ಗಂಟುಮೂಟೆ ಸಮೇತ ಟೆಂಪೋ ಹತ್ತಿದರು. ಆಡು ಒಪ್ಪಿಸಿ, ಮನೆಗೆ ಕೀಲಿ ಹಾಕಿ ಬರಲಿಕ್ಕೆಂದು ಸುಭದ್ರಾಬಾಯಿ ಹಿಂದೆ ಉಳಿದಳು. ಅವತ್ತೇ ಟವರಿಗೆ ಬಂದಿದ್ದ ಮಚ್ಛೇಂದ್ರ, "ನಾ ಬಿಡ್ತೇನಿ ನಡಿ ಅಕ್ಕಾ" ಎಂದ.

ಬಿಸಿಲು ರಣರಣ ಇತ್ತು. ಔರಾದ ದಾಟಿದ ಮೇಲೆ ಅಕ್ಕ ಹಿಂದಿನಿಂದ ಏನೋ ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ, ಈ ಸಲ ಅವನ ಹೆಗಲು ಹಿಡಿದು, ಉದ್ದಕ್ಕೆ ಏನೋ ಹೇಳಿದಳು. ರೈಲಿನ ಹೊತ್ತಿನ ವಿಚಾರ ಇರಬೇಕು, ಇಲ್ಲಾ ಆಡಿನ ವಿಚಾರ ಎಂದುಕೊಂಡ ಮಚ್ಛೇಂದ್ರ. ಮುಂದೆ ಲಾರಿಯೊಂದು ಧೂಳೆಬ್ಬಿಸುತ್ತಿತ್ತು. "ನೋಡೋಣ ತಗೋ!" ಎಂದು ಕೂಗಿ ಲಾರಿಯನ್ನು ಹಿಂದೆ ಹಾಕಿದ. ಅಕ್ಕ ಹೆಗಲಿನ ಮೇಲಿನ ಕೈ ತೆಗೆದಳು.

ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಭಾತಂಬ್ರಾದ ಕಡೆ ಟವರ್ ಬಂದ್. ಹೆಲ್ಮೆಟ್ಟಿನ ಬಕ್ಕಲ್ ಬಿಗಿ, ಬಿಚ್ಚಿದರೆ ಮತ್ತೆ ಹಾಕುವುದು ಪೇಚು ಎಂದು ಅವನು ಅದನ್ನು ತೆಗೆಯಲೇ ಇಲ್ಲ. ಮುಂದಿನ ಗಾಜನ್ನಷ್ಟೇ ಮೇಲೆ ಸರಿಸಿ ಭಾವನ ಕೈ ಕುಲುಕಿದ. ಸಾಲಿ ಚೀಲ ಎದೆಗೆ ಅವಚಿಕೊಂಡು ನಿಂತ ಮಿತ್ರಾ ಇವನ ಕಡೆಗೇ ನೋಡುತ್ತಿದ್ದಳು.

"ಎಲ್ಲೇ ಇರು, ಛಂದ ಓದಬೇಕು ಮತ್ತ" ಎಂದ.

ಹುಡುಗಿ ಅವ್ವನ ಮುಖ ನೋಡಿದಳು. ಅವ್ವ ಗಂಟಿನ ಹಗ್ಗ ಬಿಗಿಯುತ್ತ ಕುಂತಿದ್ದಳು. ರೈಲು ಬರುವ ಮೊದಲೇ ಮಚ್ಛೇಂದ್ರ ಹೊರಟುಬಿಟ್ಟ.

ಮರುವರ್ಷ ಮಿತ್ರಾ ಹತ್ತನೇತ್ತ ಪರೀಕ್ಷೆಗೆ ಕೂತಿಲ್ಲ, ಪುಣೆಯ ಹೊರಗಿನ ಒಂದು ಪ್ಯಾಕಿಂಗ್ ಕಾರ್ಖಾನೆಗೆ ಹೋಗುತ್ತಿದ್ದಾಳೆ ಎಂದು ತಿಳಿದಾಗ ಅವನಿಗೆ ಸಿಟ್ಟು ತಡೆಯಲಿಲ್ಲ. ಫೋನಿನಲ್ಲಿ ಅಕ್ಕನಿಗೆ ಅಂದ, "ಓದೋ ಹುಡುಗಿನ್ನ ದುಡ್ಯಾಕ ಹಚ್ಚೀರಲ್ಲ, ನಿಮಗ ಬುದ್ಧಿ ಅದ ಏನು?" ಅಕ್ಕ ಕೇಳಿಕೊಂಡು ಫೋನಿಟ್ಟಳು. ಅವನು ಅಷ್ಟಕ್ಕೇ ಬಿಡಲಿಲ್ಲ. ಲಗ್ನ, ಜಯಂತಿ, ನಾಲ್ಕು ಮಂದಿ ನೆಂಟರು ಕೂಡಿದ ಕಡೆಯೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ. ಬಾಬಾಸಾಹೇಬರ ಹೆಸರು ಹೇಳೋ ಮನೆಯವರೇ ಹಿಂಗ ಮಾಡಿದರ ಹ್ಯಾಂಗ ಎಂದ. ಭಾವನಿಗೆ ಆಸೆ ಹೆಚ್ಚು ಎಂದ. ಕೇಳಿದವರು ತಲೆದೂಗಿದರು. ಆ ಮಾತು ತಿರುಗಿ ಸುಭದ್ರಾಬಾಯಿಯ ಕಿವಿಗೂ ಬಿದ್ದಿತ್ತು.

ಮತ್ತೆರಡು ಬೇಸಿಗೆ ಕಳೆದವು. ಮಚ್ಛೇಂದ್ರನ ಮಗ ಹತ್ತನೇತ್ತ ಪಾಸಾದ. ನೆಂಟರ ಲಗ್ನಕ್ಕೆಂದು ಬೀದರಕ್ಕೆ ಬಂದಿದ್ದ ಸುಭದ್ರಾಬಾಯಿ ಚಿದ್ರಿಯಲ್ಲೇ ಇಳಿದುಕೊಂಡಿದ್ದಳು. ಮುಂಜಾನೆ ಅಂಗಳದಲ್ಲಿ ಕೂತು ಪುಂಡಿಪಲ್ಯ ಸೋಸುತ್ತಿದ್ದಳು. ಅಳಿಯನ ಕೈಯಿಂದ ಪೇಡೆ ತಿಂದು, ಅವನ ತಲೆ ಸವರಿ, "ನಮ್ಮ ಮಿತ್ರಾನೂ ಪರೀಕ್ಷಾ ಬರೆದಿದ್ದರ ಪಾಸ್ ಆಗ್ತಿದ್ಳು" ಎಂದಳು.

ಮಚ್ಛೇಂದ್ರನ ಬಾಯಿ ಸುಮ್ಮನಿರಲಿಲ್ಲ. "ಆಗ್ತಿದ್ಳು ಅಂತ ಈಗ ಅಂದರೇನು ಬಂತು ಅಕ್ಕಾ? ಐದು ತಿಂಗಳ ಮಾತಿತ್ತು. ಆಕಿನ್ನ ನಮ್ಮಲ್ಲಿ ಬಿಟ್ಟು ಹೋಗಬೇಕಿತ್ತು. ನನಗೊಂದು ಮಾತು ಕೇಳಬಾರದಿತ್ತೇನು?"

ಅಕ್ಕನ ಕೈ ಸೊಪ್ಪಿನ ಮೇಲೆ ನಿಂತಿತು.

"ಕೇಳಿದ್ನಲ್ಲೋ."

"ಯಾವಾಗ?"

"ಗಾಡಿ ಮ್ಯಾಲ. ಔರಾದ ದಾಟಿದ ಮ್ಯಾಲ. ತಮ್ಮಾ, ಮಿತ್ರಾನ ಪರೀಕ್ಷಾ ಆಗೂತನಕ ನಿಮ್ಮನ್ಯಾಗ ಇಟ್ಟುಕೋತೀಯೇನು, ಕೇಶರಬಾಯಿಗೆ ಕೆಲಸಕ್ಕೂ ಆಸರ ಆಗ್ತಾಳ ಅಂದೆ. ಎರಡು ಸಲ ಅಂದೆ. ನೀ, ನೋಡೋಣ ತಗೋ ಅಂದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನಗೂ ಸಂಸಾರ ಅದ. ಎರಡೇ ಖೋಲಿ. ಮನಸ್ಸಿಲ್ಲದವರಿಗೆ ಮತ್ತ ಮತ್ತ ಕೇಳಬಾರದು ಅಂತ ಸುಮ್ಮನಾದೆ. ಆಕಿ ಸ್ಟೇಷನ್ನಿನ್ಯಾಗ, ಮಾಮಾ ಏನಂದ ಅಂತ ಕೇಳಿದ್ಳು. ಇಲ್ಲ ಅಂದ ಅಂತ ಹ್ಯಾಂಗ ಹೇಳಲಿ? ಜಾಗಾ ಇಲ್ಲಂತ ಅಂದೆ."

ಅಲ್ಲಿ ಹೋದ ಮೇಲೆ ಇದ್ದದ್ದೆಲ್ಲ ಮರಾಠಿ ಸಾಲಿ. ವರ್ಷದ ನಡುವೆ ಯಾರೂ ಸೇರಿಸಿಕೊಳ್ಳಲಿಲ್ಲ. ಚೀಲದಲ್ಲಿ ಹೊತ್ತೊಯ್ದಿದ್ದ ಕನ್ನಡ ಪುಸ್ತಕಗಳು ಮಳೆಗಾಲದಲ್ಲಿ ತಗಡಿನ ಕೆಳಗೆ ನೆನೆದು ಹೋದವು. ಇಷ್ಟನ್ನು ಹೇಳಿ ಅಕ್ಕ ಮತ್ತೆ ಪಲ್ಯಕ್ಕೆ ಕೈ ಹಾಕಿದಳು.

"ನನಗ ಕೇಳಿಸಿರಲಿಲ್ಲ ಅಕ್ಕಾ" ಎಂದ ಮಚ್ಛೇಂದ್ರ. "ಖರೇನ ಕೇಳಿಸಿರಲಿಲ್ಲ."

ಅಕ್ಕ ಅವನ ಮುಖ ನೋಡಿದಳು. "ಹೌದೇನು?" ಎಂದಳು. ನಂಬಿದಳೋ ಬಿಟ್ಟಳೋ ಅವನಿಗೆ ತಿಳಿಯಲಿಲ್ಲ.

ಮರುದಿನ ಅವನು ಗಾವಾನ ಚೌಕದ ಹತ್ತಿರ ಅಮೀರ ಪಾಶಾನ ಅಂಗಡಿಗೆ ಹೋದ. ಹೆಲ್ಮೆಟ್ಟು, ಸೀಟ್ ಕವರು, ಕನ್ನಡಿ ಮಾರುವ ಸಣ್ಣ ಅಂಗಡಿ. ಹಳೇ ಹೆಲ್ಮೆಟ್ಟನ್ನು ಗಲ್ಲಾದ ಮೇಜಿನ ಮೇಲಿಟ್ಟು, "ಬ್ಯಾರೆ ತೋರಸ್ರಿ" ಎಂದ.

"ಇದಕ್ಕೇನಾಗ್ಯದ ಸಾಬ್? ಮಸ್ತ್ ಅದಲ್ಲ!" ಎಂದ ಅಮೀರ ಪಾಶಾ.

"ಇದರಾಗ ಏನೂ ಕೇಳಸಂಗಿಲ್ಲ."

ಪಾಶಾ ಮುಖ ಬಯಲಿರುವ ಒಂದನ್ನು ಇಳಿಸಿದ. ಮಚ್ಛೇಂದ್ರನ ಕೈ ತಾನಾಗಿ ಗದ್ದದ ಗಾಯದ ಗೆರೆಗೆ ಹೋಯಿತು. ಬೇಡವೆಂದ. ಆಗ ಪಾಶಾ ಮೇಲಿನ ಸಾಲಿನಿಂದ ಬೂದಿ ಬಣ್ಣದ್ದೊಂದನ್ನು ತೆಗೆದು ಧೂಳು ಒರೆಸಿದ. ಗದ್ದದ ಕೆಳಗಿನ ಕೆಂಪು ಗುಂಡಿ ಒತ್ತಿದ ಕೂಡಲೆ ಮುಂಭಾಗ ಪೂರಾ ಮೇಲೆದ್ದು ಹಣೆಗೆ ಹೋಗಿ ನಿಂತಿತು. ಹಾಕಿಕೊಂಡವರ ಇಡೀ ಮುಖ ಕಾಣುವ ಹಾಗೆ.

"ಫ್ಲಿಪ್ ಅಪ್ ಅಂತಾರ್ರಿ ಇದಕ್ಕ. ಗಾಡಿ ನಿಂತಾಗ ಎತ್ತರಿ, ಮಾತಾಡ್ರಿ, ನೀರು ಕುಡೀರಿ, ಬಕ್ಕಲ್ ಬಿಚ್ಚೋ ಕೆಲಸಿಲ್ಲ. ಓಡಿಸುವಾಗ ಮಾತ್ರ ಕೆಳಗ ಹಾಕಿ ಎರಡೂ ಕಡೆ ಟಕ್ ಅನಸಬೇಕು. ಎತ್ತಿಕೊಂಡು ಓಡಿಸಿ ಬಿದ್ದರ ಗದ್ದಕ್ಕ ಯಾರೂ ಜಿಮ್ಮೇದಾರರಿಲ್ಲ."

ಮಚ್ಛೇಂದ್ರ ಹಾಕಿಕೊಂಡ. ಭಾರ ಅನ್ನಿಸಿತು. ಕೀಲುಗಳೆಲ್ಲ ಇದರೊಳಗೇ ಇವೆಯಲ್ಲ, ಭಾರ ಇರುವುದೇ ಎಂದ ಪಾಶಾ. ಬೇರೊಂದು ಕಂಪನಿಯದು ಹಗುರಿತ್ತು, ಆದರೆ ಅದರ ಕೊಂಡಿ ಪ್ಲಾಸ್ಟಿಕ್ಕಿನದು, ಬಿದ್ದಾಗ ತೆರೆದುಕೊಂಡೀತೆಂಬ ಹೆದರಿಕೆ. ಇದಕ್ಕೆ ಕಬ್ಬಿಣದ್ದು. ಗಲ್ಲಕ್ಕೆ ಬಿಗಿ ಇದೆಯೋ ನೋಡಲು ತಲೆ ಅಲ್ಲಾಡಿಸಿದ. ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಅಂಗಡಿಯ ಕನ್ನಡಿಯೊಳಗೆ ತನ್ನ ಬಾಯಿ, ಗದ್ದ, ಗಾಯ ಕಂಡವು. ಭಾಲ್ಕಿ ಸ್ಟೇಷನ್ನಿನಲ್ಲಿ ಆ ಹುಡುಗಿಗೆ ಇಷ್ಟು ಕಂಡಿದ್ದರೂ ಸಾಕಿತ್ತೇನೋ. ಮಾಮಾ, ಯಾಕ ಜಾಗಾ ಇಲ್ಲ ಅಂತ ಅವಳೇ ಕೇಳುತ್ತಿದ್ದಳೇನೋ.

"ಓಡಿಸುವಾಗ ಹಿಂದ ಕುಂತವರ ಮಾತು ಕೇಳಸ್ತದೇನ್ರಿ ಇದರಾಗ?"

ಪಾಶಾ ಬಾಯಿಯೊಳಗಿನ ಪಾನು ಒಂದು ಕಡೆ ಮಾಡಿಕೊಂಡ. "ಸುಳ್ಳು ಯಾಕ ಹೇಳಲಿ ಸಾಬ್, ಜೋರು ಓಡಿಸಿದರ ಇದು ನಿಮ್ಮ ಹಳೇದಕ್ಕಿಂತ ಹೆಚ್ಚು ಸದ್ದು ಮಾಡ್ತದ. ಸಂದಿನ್ಯಾಗ ಗಾಳಿ ಹೋಗ್ತದಲ್ಲ. ಮನ್ಯಾಗ ಬೇಗಂ ಬೈತಾರೇನು? ಬೈಲಿ ಬಿಡ್ರಿ, ಕೇಳಸದಿದ್ದರ ಛಲೋನ!"

ಅಂಗಡಿಗೆ ಬಂದ ಇನ್ನೊಬ್ಬ ಗಿರಾಕಿಯೂ ನಕ್ಕ. ಮಚ್ಛೇಂದ್ರನಿಗೆ ನಗು ಬರಲಿಲ್ಲ. ಹಳೆಯದನ್ನು ಅಲ್ಲೇ ಬಿಟ್ಟು ಬೂದಿ ಬಣ್ಣದ್ದನ್ನು ಹಾಕಿಕೊಂಡು ಬಂದ.

ಅಕ್ಕ ಲಗ್ನದ ಮನೆಗೆ ಹೋಗಿದ್ದಳು. ಕೇಶರಬಾಯಿ ಹೊಸ ಹೆಲ್ಮೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಯಾಕೆಂದು ಕೇಳಲಿಲ್ಲ. ಹಿಂದಿನ ದಿನ ಮುಂಜಾನೆಯ ಮಾತನ್ನು ಅವಳೂ ಒಲೆಯ ಮುಂದೆ ಕೂತು ಕೇಳಿದ್ದಳು.

"ಅವತ್ತು ಹಾಳು ಹೆಲ್ಮೆಟ್ಟು ಇರದಿದ್ದರ ನಾ ಹೂಂ ಅಂತಿದ್ದೆ" ಎಂದ ಅವನು.

"ಅಂತಿದ್ರೇನ್ರಿ?" ಎಂದಳು ಕೇಶರಬಾಯಿ. ಕುಟುಕುವ ದನಿಯಲ್ಲ ಅದು. "ಆ ವರ್ಷ ನಲ್ಲಿಗೆ ನೀರಿರಲಿಲ್ಲ. ನಿಮ್ಮ ಕಡೆಯ ನೆಂಟರೊಬ್ಬರು ಮೂರು ದಿನ ಇದ್ದು ಹೋದದ್ದಕ್ಕ ನಾವಿಬ್ಬರೂ ಎಷ್ಟು ಜಗಳಾಡಿದ್ವಿ, ನೆನಪದ ಏನು? ನಾನೂ ಬ್ಯಾಡ ಅಂತಿದ್ದೆನೋ ಏನೋ. ನನಗೂ ಗೊತ್ತಿಲ್ಲ."

ಮಚ್ಛೇಂದ್ರನಿಗೆ ಹೂಂ ಎಂದು ಎದೆ ತಟ್ಟಿ ಹೇಳಬೇಕೆನ್ನಿಸಿತು. ಆದರೆ ಆ ವರ್ಷದ ಮಚ್ಛೇಂದ್ರ ಅವನಿಗೆ ಚೆನ್ನಾಗಿ ಗೊತ್ತಿದ್ದ. ಕೇಳಿಸಿದ್ದರೂ ಅವನು ನೋಡೋಣ ತಗೋ ಎಂದೇ ಅಂದಿರಬಹುದು. ಅಲ್ಲಿಯವರೆಗೆ ಹೆಲ್ಮೆಟ್ಟಿನ ಮೇಲೆ ಹಾಕಿದ್ದ ತಪ್ಪು ಮೆಲ್ಲಗೆ ಇಳಿದು ಅವನ ಹತ್ತಿರವೇ ಬಂದು ಕೂತಿತು.

ರಜೆ ಹಾಕಿ ಅಕ್ಕನ ಜೊತೆಯಲ್ಲೇ ಅವನೂ ಪುಣೆಗೆ ಹೋದ. ಕಾರ್ಖಾನೆಯ ಗೇಟಿನ ಹೊರಗೆ ಮಿತ್ರಾಳನ್ನು ಕಂಡ. ತಲೆಗೆ ನೀಲಿ ಟೊಪ್ಪಿಗೆ, ಎತ್ತರ ಬೆಳೆದಿದ್ದಳು. "ಮಾಮಾ!" ಎಂದು ಖುಷಿಯಿಂದಲೇ ಬಂದಳು. ಅವನು ಹಾದಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಮಿತ್ರಾ, ಈಗರ ಬಾ ಅವ್ವಾ. ಬೀದರದಾಗ ಖಾಸಗಿಯಾಗಿ ಪರೀಕ್ಷಾ ಕಟ್ಟೋಣು. ನಾ ಎಲ್ಲಾ ನೋಡ್ಕೋತೇನಿ."

ಅವಳು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಳು. "ಬ್ಯಾಡ್ರಿ ಮಾಮಾ. ಓದೂ ರೂಢಿ ತಪ್ಪಿ ಹೋಗ್ಯದ. ಈಗ ಮಷೀನಿನ ಮುಂದ ಹೊಸ ಹುಡುಗ್ಯಾರಿಗೆ ನಾನೇ ಕಲಸ್ತೇನಿ. ತಮ್ಮ ಇಲ್ಲೇ ಮರಾಠಿ ಸಾಲಿಗೆ ಹೊಂದಿಕೊಂಡಾನ, ಅವನು ಓದ್ತಾನ." ಆಮೇಲೆ ಅಂದಳು, "ನೀವು ಎಲ್ಲಾರ ಮುಂದ ನಮ್ಮ ಅಪ್ಪಗ ಅಂದಿದ್ರಂತಲ್ಲ, ಅದು ಒಂದು ಹೋಗಿ ಸರಿ ಮಾಡ್ರಿ. ಅಪ್ಪ ಅದಕ್ಕ ಊರಿಗೆ ಬರೋದ ಬಿಟ್ಟಾನ."

ಅದನ್ನು ಅವನು ಮಾಡಿದ. ಭಾತಂಬ್ರಾಕ್ಕೆ, ಡಾಬಕಾಕ್ಕೆ, ಬೀದರದ ನೆಂಟರ ಮನೆಮನೆಗೆ ಹೋಗಿ, ತಪ್ಪು ಭಾವನದಲ್ಲ, ನನ್ನದು ಎಂದು ಹೇಳಿದ. ಕೆಲವರಿಗೆ ಆ ಹಳೇ ಮಾತು ನೆನಪೂ ಇರಲಿಲ್ಲ. ಕೆಲವರು, ಇರಲಿ ಬಿಡೋ ಎಂದು ಚಹಾ ಕೊಟ್ಟರು. ಮಾಣಿಕ ಮರುವರ್ಷ ಊರಿಗೆ ಬಂದ. ಮಾತಾಡಿದ, ಊಟ ಮಾಡಿದ, ಆದರೆ ಮೊದಲಿನ ಹಾಗೆ ಹೆಗಲ ಮೇಲೆ ಕೈ ಹಾಕಲಿಲ್ಲ.

ಸುಭದ್ರಾಬಾಯಿ ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಮಳೆ ವಿಚಾರಿಸುತ್ತಾಳೆ, ಕೇಶರಬಾಯಿಯ ಮಂಡಿನೋವು ವಿಚಾರಿಸುತ್ತಾಳೆ, ತಮ್ಮನ ಮೈ ಬಗ್ಗೆ ಕಾಳಜಿ ಮಾಡುತ್ತಾಳೆ. ಮಿತ್ರಾಳ ಲಗ್ನ ಗೊತ್ತಾದಾಗ ಮಚ್ಛೇಂದ್ರ ತಾನಾಗಿ ಕೇಳಿದ, "ಅಕ್ಕಾ, ಏನಾರ ಬೇಕಾದರ ಹೇಳು. ನಿನ್ನ ಬಾಯಿಂದ ಒಂದು ಮಾತು ಬರಲಿ."

"ಏನೂ ಬ್ಯಾಡ ತಮ್ಮಾ, ಎಲ್ಲಾ ಆಗ್ಯದ. ನೀವು ಬರ್ರಿ ಸಾಕು" ಎಂದಳು ಅಕ್ಕ. ಪ್ರೀತಿಯಿಂದಲೇ ಅಂದಳು. ಔರಾದದ ಹಾದಿಯ ಆ ದಿನದಿಂದ ಇವತ್ತಿನವರೆಗೆ ಅವಳು ತಮ್ಮನ ಹತ್ತಿರ ಏನನ್ನೂ ಕೇಳಿಲ್ಲ.